ತಿರುವಿನ ಮಣ್ಣು

ಭಾರಿ ಟ್ರೈಲರುಗಳ ಮುಂದೆ ಜೀಪು ಓಡಿಸುವುದು ನನ್ನ ಕೆಲಸ. ಜೀಪಿನ ಬಂಪರಿಗೆ ಒಂದು ಬಿದಿರ ಗಳವನ್ನು ನೆಟ್ಟಗೆ ಕಟ್ಟಿರುತ್ತೇನೆ. ಅದರ ಎತ್ತರ ಹಿಂದೆ ಬರುವ ಲೋಡಿಗಿಂತ ಒಂದು ಗೇಣು ಹೆಚ್ಚು. ಗಳ ಎಲ್ಲಾದರೂ ತಂತಿಗೋ ಕೊಂಬೆಗೋ ತಾಗಿದರೆ ನಾನು ನಿಲ್ಲಬೇಕು, ನಾನು ನಿಂತರೆ ಟ್ರೈಲರು ನಿಲ್ಲಬೇಕು. ಕೆಲಸದವರು ಕವೆಗೋಲಿನಿಂದ ತಂತಿ ಎತ್ತಿ ಹಿಡಿಯುತ್ತಾರೆ, ಲೋಡು ಅದರಡಿ ಮೆಲ್ಲಗೆ ದಾಟುತ್ತದೆ. ಇದರ ಜೊತೆಗೆ ಊರವರ ಹತ್ತಿರ ಮಾತಾಡುವುದೂ ನನ್ನ ಪಾಲಿಗೆ ಬರುತ್ತದೆ. ಗಾಡಿ ತೆಗೆಸುವುದು, ದನ ಕಟ್ಟಿಸುವುದು, ಅಂಗಡಿಯ ಮುಂದಿನ ತಗಡಿನ ಚಪ್ಪರ ಇಳಿಸಿಕೊಡಿ ಎಂದು ಕೇಳುವುದು. ನಾನು ಶಿಕಾರಿಪುರದವನಾದ್ದರಿಂದ ಈ ಭಾಗಕ್ಕೆ ಲೋಡು ಬಂದರೆ ನನ್ನನ್ನೇ ಕಳಿಸುತ್ತಾರೆ.

ನಾನು ಹೇಳುತ್ತಿರುವ ಲೋಡು ಒಂದು ಟ್ರಾನ್ಸ್‌ಫಾರ್ಮರ್. ಸೊರಬದ ಕಡೆ ಹೊಸದಾಗಿ ಕಟ್ಟುತ್ತಿದ್ದ ವಿದ್ಯುತ್ ಕೇಂದ್ರಕ್ಕೆ ಹೋಗಬೇಕಾಗಿತ್ತು. ಅಂಥ ಲೋಡುಗಳು ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಹೋಗುವುದು ವಾಡಿಕೆ. ಆದರೆ ಆಗ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು. ಹಗಲು ಒಂದು ಬದಿ ಬಿಡುತ್ತಿದ್ದರು. ಅದರಲ್ಲಿ ಬಸ್ಸು ಹಿಡಿಸುತ್ತಿತ್ತು, ನಮ್ಮದು ಹಿಡಿಸುತ್ತಿರಲಿಲ್ಲ. ರಾತ್ರಿ ಡಾಂಬರು ಹಾಕಲು ಎರಡೂ ಬದಿ ಮುಚ್ಚುತ್ತಿದ್ದರು. ಹಾಗಾಗಿ ತೊಗರ್ಸಿಯ ಮೇಲೆ ಹಾದು, ಹಳ್ಳಿ ರಸ್ತೆಗಳಲ್ಲಿ ಕುಪ್ಪಗಡ್ಡೆಯ ಕಡೆ ಹೊರಳಿ, ಹಗಲಿನಲ್ಲೇ ಸೊರಬ ಸೇರುವುದು ಎಂದು ತೀರ್ಮಾನವಾಯಿತು.

ದಾರಿ ನೋಡಿ ಬಂದವರು ಬೇರೆಯವರು. ತಿರುವುಗಳಲ್ಲಿ ಗಾಲಿ ಎಲ್ಲಿ ಹಾಯುತ್ತದೆಂದು ಅಳೆದು ನೆಲದ ಮೇಲೆ ಸುಣ್ಣದ ಪುಡಿಯ ಗೆರೆ ಎಳೆಯುವುದು ಅವರ ಪದ್ಧತಿ. ಹೊಲದಲ್ಲಿ ಗದ್ದುಗೆ ಕಂಡರೆ ಅವರು ಅಲ್ಲಿ ಗೆರೆ ಹಾಕುವುದಿಲ್ಲ. ಈ ಸೀಮೆಯಲ್ಲಿ ಅನೇಕ ಮನೆತನಗಳು ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿ ಮೇಲೆ ಕಲ್ಲಿನ ಗದ್ದುಗೆ ಕಟ್ಟುತ್ತಾರೆ ಎಂಬುದು ಹೊರಗಿನಿಂದ ಬಂದವರಿಗೂ ನಾಲ್ಕು ದಿನದಲ್ಲಿ ತಿಳಿಯುತ್ತದೆ.

ಆ ತಿರುವಿನಲ್ಲಿ ಗದ್ದುಗೆ ಇರಲಿಲ್ಲ.

ಅದು ಒಂದು ಕೆರೆ ಏರಿಯ ಕೊನೆ. ರಸ್ತೆ ಏರು ಹತ್ತಿ ಬಂದು ಅಲ್ಲಿ ಬಲಕ್ಕೆ ಹೊರಳುತ್ತದೆ. ಎಡಕ್ಕೆ ಕಾಲುವೆ, ಬಲಕ್ಕೆ ಭತ್ತ ಕೊಯ್ದ ಗದ್ದೆಯ ಮೂಲೆ. ಮೂಲೆಯಲ್ಲಿ ಮೊಣಕಾಲೆತ್ತರಕ್ಕೂ ಕಡಿಮೆಯ ಒಂದು ಮಣ್ಣಿನ ಗುಪ್ಪೆ ಇತ್ತು. ಕಾಲುವೆಯ ಹೂಳು ತೆಗೆದು ಹಾಕಿದ್ದು ಎಂದುಕೊಂಡಿರಬೇಕು, ಗೆರೆ ಅದರ ನಡುವೆಯೇ ಹಾದಿತ್ತು. ಗುಪ್ಪೆಯ ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ವಯಸ್ಸಾದವರೊಬ್ಬರು ಕೂತಿದ್ದರು. ಟ್ರೈಲರು ನೋಡಲು ಬಂದವರಲ್ಲಿ ಒಬ್ಬರು ಎಂದುಕೊಂಡೆ. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು.

"ಏನ್ರೀ ಇದು, ಮನೆ ಹೊತ್ಕೊಂಡು ಹೊಂಟೀರಾ?" ಎಂದು ಒಬ್ಬ ಕೇಳಿದ.

"ಕರೆಂಟಿಂದು."

"ಇಷ್ಟು ದೊಡ್ಡದು ನಮ್ಮೂರ ಮೇಲೆ ಹೋಗ್ತೈತೆ, ನಮಗೆ ಮಾತ್ರ ಮೂರು ಫೇಸ್ ರಾತ್ರಿ ಎರಡಕ್ಕೆ ಕೊಡ್ತಾರೆ. ಇಲ್ಲೇ ಇಳಿಸಿ ಹೋಗ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಆ ಹಿರಿಯರ ಹತ್ತಿರ ಹೋದೆ.

"ಯಜಮಾನ್ರೇ, ಸ್ವಲ್ಪ ಎದ್ದು ಆ ಕಡೆ ಬರ್ತೀರಾ? ಗಾಡಿ ಇಲ್ಲಿ ತಿರುಗ್ಬೇಕು."

"ಈ ಗೆರೆ ಮೇಲೇನಾ?"

"ಹೌದ್ರೀ."

"ಗೆರೆ ಒಳಗೆ ನಮ್ಮನೆಯವಳು ಅದಾಳಲ್ರೀ" ಎಂದರು.

ಅವರು ಸಿಟ್ಟಾಗಿರಲಿಲ್ಲ. ಸುಣ್ಣದ ಗೆರೆಯನ್ನು ಹಿಂದಿನ ದಿನ ಸಂಜೆ ನೋಡಿದ್ದರಂತೆ. ಬೆಳಿಗ್ಗೆ ಬೇಗ ಬಂದು ಕೂತಿದ್ದರು. ಈ ಮೂಲೆ ಸರ್ವೆ ನಕಾಶೆಯಲ್ಲಿ ರಸ್ತೆಗೆ ಸೇರಿದ್ದು, ಅದಕ್ಕೇ ಅವರನ್ನು ಯಾರೂ ಕೇಳಿರಲಿಲ್ಲ.

"ಪಹಣೀಲಿ ನಂದಲ್ಲ, ಗೊತ್ತೈತೆ ನಂಗೆ. ಆದ್ರೆ ಅವಳು ಕೇಳಿದ್ದು ಇದೇ ಜಾಗ. ಒಳಗಡೆ ಗದ್ದೇಲಿ ಬ್ಯಾಡ, ಬರೋರು ಹೋಗೋರ ಮಾತು ಕೇಳ್ತಿರ್ಬೇಕು ಅಂದಿದ್ಲು."

ನಾನು ಟ್ರೈಲರಿನ ಹತ್ತಿರ ಹೋಗಿ ಚಾಲಕರನ್ನು ಕರೆದೆ. ನಮ್ಮಲ್ಲಿ ಅಂಥ ಗಾಡಿಯ ಚಾಲಕರನ್ನು ಉಸ್ತಾದ್ ಎನ್ನುತ್ತಾರೆ. ಇವರು ಹುಬ್ಬಳ್ಳಿ ಕಡೆಯವರು, ನನಗಿಂತ ಬಹಳ ಹಿರಿಯರು. ಇಳಿದು ಬಂದರು, ಚಪ್ಪಲಿ ಬಿಟ್ಟು ಗುಪ್ಪೆಯ ಸುತ್ತ ಒಂದು ಸಲ ನಡೆದರು. ಆಮೇಲೆ ಕಾಲುವೆಯ ಅಂಚನ್ನು ತುಳಿದು ನೋಡಿದರು. ಹಿಂದಕ್ಕೆ ತಿರುಗಿ, ಬಂದ ಏರನ್ನು ನೋಡಿದರು. ಅಷ್ಟು ಭಾರ ಹೊತ್ತು ಆ ಇಳಿಜಾರಿನಲ್ಲಿ ಏರಿಯ ಕೆಳಗಿನವರೆಗೆ ಹಿಂದಕ್ಕೆ ಹೋಗುವುದು ಆಗದ ಮಾತು ಎಂದು ನನಗೂ ಗೊತ್ತಿತ್ತು.

"ಯಜಮಾನ್ರ, ಕಬ್ಬಿಣದ ಪ್ಲೇಟ್ ಹಾಸಿ ಅದರ ಮ್ಯಾಲೆ ಹೋಗ್ತೀವ್ರಿ. ಭಾರ ಎಲ್ಲಾ ಟೈರಿಗೂ ಹಂಚಿ ಹೋಗಿರ್ತೈತ್ರಿ. ಒಂದೇ ಕಡೆ ಬೀಳಂಗಿಲ್ಲ."

ಹಿರಿಯರು ಟ್ರೈಲರನ್ನು ತುದಿಯಿಂದ ತುದಿಯವರೆಗೆ ನೋಡಿದರು.

"ಅವಳಿಗೆ ಕೊನೆ ಕೊನೆಗೆ ಎದೆ ಮೇಲೆ ಒಂದು ಕೌದಿ ತಡೀತಿರ್ಲಿಲ್ರೀ. ಉಬ್ಬಸ. ಹೊದಿಸಿದ್ರೆ ಕಿತ್ತು ಹಾಕೋಳು. ಚಳೀಲಿ ನಡುಗ್ತಾ ಕೂತಿರೋಳು, ಹೊದಿಸೋಕೆ ಬಿಡ್ತಿರ್ಲಿಲ್ಲ. ಅದಕ್ಕೇ ನಾನು ಕಲ್ಲು ಕಟ್ಸಿಲ್ಲ. ಎಲ್ರೂ ಬೈತಾರೆ. ಬರೇ ಮಣ್ಣು ಹಾಕಿ ಬಿಟ್ಟೀನಿ. ಮಳೆಗೆ ಗಟ್ಟಿಯಾದ್ರೆ ನಾನೇ ಬಂದು ಕೈಯಲ್ಲಿ ಸಡ್ಲ ಮಾಡ್ತೀನಿ."

ಉಸ್ತಾದರು ಮತ್ತೊಮ್ಮೆ ಕಾಲುವೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರು.

ಅಷ್ಟು ಹೊತ್ತಿಗೆ ಹಿರಿಯರ ಮಗಳು ಬಂದಳು. ಕುಪ್ಪಗಡ್ಡೆಗೆ ಕೊಟ್ಟಿದ್ದರಂತೆ. ಯಾರೋ ಫೋನು ಮಾಡಿದ್ದರು. ಸ್ಕೂಟಿಯನ್ನು ಗದ್ದೆಯಲ್ಲೇ ಬಿಟ್ಟು ಓಡಿ ಬಂದು ಗುಪ್ಪೆಗೂ ನಮಗೂ ನಡುವೆ ನಿಂತಳು.

"ಅಪ್ಪ, ನೀ ಹೂಂ ಅಂದ್ಯಾ?"

"ಇಲ್ಲ."

"ಅನ್ಬೇಡ. ಇವರೆಲ್ಲ ಮಾತಲ್ಲೇ ಒಪ್ಪಿಸ್ತಾರೆ." ನನ್ನ ಕಡೆ ತಿರುಗಿದಳು. "ನಿಮ್ಮ ಅಮ್ಮನ ಮೇಲಾದ್ರೆ ಹೋಗ್ತಿದ್ರಾ ನೀವು?"

ನನ್ನ ತಾಯಿಯನ್ನೂ ಹೊಲದಲ್ಲೇ ಮಣ್ಣು ಮಾಡಿದ್ದೇವೆ. ಅದನ್ನು ಹೇಳಬಹುದಿತ್ತು. ಹೇಳಿದ್ದರೆ ಒಪ್ಪಿಸುವುದಕ್ಕೆ ಹೇಳಿದಂತಾಗುತ್ತಿತ್ತು.

ಉಸ್ತಾದರು ನನ್ನನ್ನು ಪಕ್ಕಕ್ಕೆ ಕರೆದರು. ಹಿಂದಿನ ಗಾಲಿಗಳನ್ನು ಬೇರೆಯಾಗಿ ತಿರುಗಿಸಲು ಟ್ರೈಲರಿನ ಬಾಲದಲ್ಲಿ ಒಬ್ಬ ಕೆಲಸದವನು ಇರುತ್ತಾನೆ. ಅವನು ಪೂರ್ತಿ ಎಡಕ್ಕೆ ತಿರುಗಿಸಿದರೆ, ಕಾಲುವೆಯ ಅಂಚಿಗೆ ಒತ್ತಿಕೊಂಡು ಹೋಗಬಹುದೇನೋ, ಗುಪ್ಪೆ ಉಳಿಯಬಹುದೇನೋ ಎಂದರು. "ಒಂದು ಮೊಳ ಸಿಕ್ಕರ ಸಾಕು. ನೋಡೋಣ."

ನೋಡಿದೆವು. ನಾನು ಗುಪ್ಪೆಯ ಬದಿಯಲ್ಲಿ ಗಾಲಿಯ ಜೊತೆ ನಡೆಯುತ್ತಿದ್ದೆ. ಬಾಲದವನು ಗಾಲಿ ತಿರುಗಿಸುವ ಗುಂಡಿಗಳ ಪೆಟ್ಟಿಗೆಯನ್ನು ಕೊರಳಿಗೆ ಹಾಕಿಕೊಂಡು ಕಾಲುವೆಯ ಬದಿಯಲ್ಲಿ ನಡೆಯುತ್ತಿದ್ದ. ಮುಂದಿನ ಗಾಲಿಗಳ ಸಾಲುಗಳು ಗುಪ್ಪೆಯನ್ನು ಬಿಟ್ಟು ಹಾದವು. ಮಗಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಎಡಗಡೆಯ ಮಣ್ಣು ಸದ್ದಿಲ್ಲದೆ ಇಳಿಯಿತು. ಟ್ರಾನ್ಸ್‌ಫಾರ್ಮರ್ ಕಾಲುವೆಯ ಕಡೆ ವಾಲಿತು. ಬಹಳ ಅಲ್ಲ, ಒಂದು ಗೇಣಿರಬಹುದು. ಸರಪಳಿಗಳು ಬಿಗಿದುಕೊಂಡು ಕಿರುಗುಟ್ಟಿದವು. ಬಾಲದವನು ಲೋಡಿಗೂ ಕಾಲುವೆಗೂ ನಡುವೆ ಸಿಕ್ಕಿಕೊಂಡು, ಎರಡೂ ಅಂಗೈಯನ್ನು ಟ್ರೈಲರಿನ ಕಬ್ಬಿಣಕ್ಕೆ ಒತ್ತಿ ನಿಂತಿದ್ದ. ಕೈಯಿಂದ ತಡೆಯುವವನ ಹಾಗೆ. ಉಸ್ತಾದರು ಒಂದು ಗಳಿಗೆ ಮುಂದಕ್ಕೂ ಬಿಡಲಿಲ್ಲ, ಹಿಂದಕ್ಕೂ ಬಿಡಲಿಲ್ಲ. ಆಮೇಲೆ ಒಂದೊಂದೇ ಅಂಗುಲ ಹಿಂದಕ್ಕೆ ತಂದು, ಮೊದಲು ನಿಂತಿದ್ದಲ್ಲೇ ರಸ್ತೆಯ ನಡುವೆ ನಿಲ್ಲಿಸಿ ಎಂಜಿನ್ ಆರಿಸಿದರು. ಬಾಲದವನು ಈಚೆಗೆ ಬಂದು ನೆಲದ ಮೇಲೆ ಕೂತುಬಿಟ್ಟ. ಯಾರೋ ನೀರು ಕೊಟ್ಟರು, ಕುಡಿಯಲಿಲ್ಲ, ಹಿಡಿದುಕೊಂಡು ಕೂತಿದ್ದ.

ಏರಿಯ ಕೆಳಗೆ ಶಾಲೆಯ ಬಸ್ಸು ನಿಂತಿತ್ತು. ಹಾಲಿನ ಗಾಡಿಯವನು ಬಂದು ನೋಡಿ, "ನಿಮ್ಮ ಕರೆಂಟು ಬರೋ ಹೊತ್ತಿಗೆ ನನ್ನ ಹಾಲು ಮೊಸರಾಗಿರ್ತದೆ" ಎಂದು ಗೊಣಗಿ, ಗುಪ್ಪೆಯ ವಿಷಯ ತಿಳಿದ ಮೇಲೆ ಬಾಯಿ ಮುಚ್ಚಿಕೊಂಡು ಹೋದ. ಯಾರೂ ಒತ್ತಾಯ ಮಾಡಲಿಲ್ಲ. ಊರವರು ಸ್ವಲ್ಪ ದೂರ ಸರಿದು ನಿಂತಿದ್ದರು. ನನ್ನ ಫೋನಿಗೆ ಆಫೀಸಿನಿಂದ ಕರೆ ಬರುತ್ತಿತ್ತು. ತೆಗೆಯಲಿಲ್ಲ.

ಹಿರಿಯರು ಎದ್ದು ಬಾಲದವನ ಹತ್ತಿರ ಹೋದರು.

"ಯಾವ ಊರಪ್ಪ?"

ಅವನು ಯಾವುದೋ ದೂರದ ಊರು ಹೇಳಿದ.

"ಮನೇಲಿ ಯಾರದಾರೆ?"

"ಅವ್ವ ಇದಾಳ್ರೀ. ಹೆಂಡ್ತಿ."

ಹಿರಿಯರು ವಾಪಸು ಬಂದು ಮಗಳ ಎದುರು ನಿಂತರು. "ಇನ್ನೊಂದ್ಸಲ ಆ ಕಡೆ ಒತ್ತಿ ಹೋಗಿ ಅಂತ ನಾ ಹೇಳಲ್ಲವ್ವ. ಅವನ ಮೇಲೆ ಬಿದ್ದಿದ್ರೆ?"

"ಹಂಗಂತ?"

"ಹಂಗಂತ ಏನಿಲ್ಲ. ಇವಳ ಮೇಲೇ ಹೋಗ್ಲಿ."

ಮಗಳು ಅತ್ತಳು. ಜಗಳವಾಡಲಿಲ್ಲ. ಅಪ್ಪನ ತೋಳು ಹಿಡಿದುಕೊಂಡು, "ಅಮ್ಮ ಒಪ್ತಿರ್ಲಿಲ್ಲ" ಎಂದು ಒಂದು ಸಲ ಹೇಳಿದಳು.

"ಒಪ್ತಿದ್ಲು. ನಿನಗಿಂತ ಮೊದ್ಲೇ ಒಪ್ತಿದ್ಲು. ಅದೇ ನಂಗೆ ಸಂಕಟ."

ಗುಪ್ಪೆಯ ಮೇಲೆ ಮೊದಲು ಹುಲ್ಲು ಹಾಸಿದೆವು. ಹುಲ್ಲನ್ನು ಊರವರೇ ತಂದುಕೊಟ್ಟರು. ಹುಲ್ಲಿನ ಮೇಲೆ ಮರಳಿನ ಚೀಲ, ಚೀಲದ ಮೇಲೆ ಪ್ಲೇಟು. ಪ್ಲೇಟನ್ನು ಎತ್ತಿ ಧೊಪ್ಪೆಂದು ಹಾಕುವುದು ನಮ್ಮ ರೂಢಿ. ಅವತ್ತು ಆರು ಜನ ಹಿಡಿದು, ಬಗ್ಗಿ, ನೆಲಕ್ಕೆ ಸದ್ದಾಗದ ಹಾಗೆ ಇಳಿಸಿದರು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಹಿರಿಯರು ಪ್ಲೇಟಿನ ಅಂಚಿಗೆ ಕೂತು ಪಕ್ಕದ ಮಣ್ಣಿನ ಮೇಲೆ ಅಂಗೈ ಊರಿದರು. ಹಿಂದೆ ಸರಿಯಿರಿ ಎಂದೆ. ಸರಿದರು, ಆದರೆ ಕೈ ತೆಗೆಯಲಿಲ್ಲ. ನಾನು ಅವರಿಗೂ ಗಾಲಿಗೂ ನಡುವೆ ನಿಂತೆ.

"ನಿಧಾನಕ್ಕೆ ಹೋಗ್ಲಿ" ಎಂದರು.

ನಾನು ಕೈ ತೋರಿಸಿದೆ. ಮೊದಲ ಸಾಲು ಪ್ಲೇಟಿನ ಮೇಲೆ ಬಂತು. ಪ್ಲೇಟು ನಡುವೆ ತಗ್ಗಿತು, ಎದ್ದಿತು. ಎರಡನೆಯ ಸಾಲು. ಎಂಜಿನ್ನಿನ ಸದ್ದು ತಗ್ಗಾಗಿ, ಒಂದೇ ಸಮ ಇತ್ತು. ಆ ಸದ್ದಿನ ಅಡಿಯಲ್ಲಿ ಇನ್ನೊಂದು ದನಿ ಕೇಳಿಸಿತು. ಹಿರಿಯರು ನೆಲದ ಕಡೆ ಬಗ್ಗಿ ಮಾತಾಡುತ್ತಿದ್ದರು.

"ತಡಕ. ಸ್ವಲ್ಪ ತಡಕ. ಆತು, ಇದೊಂದು. ಹಾಂ, ಹೋತು. ಇನ್ನೊಂದು ಬರ್ತೈತೆ ನೋಡು, ತಡಕ. ಆತು, ಆತು."

ಪ್ರತಿ ಸಾಲಿಗೂ ಹಾಗೆ ಹೇಳಿದರು. ಉಬ್ಬಸದವರ ಬೆನ್ನು ಸವರುತ್ತಾ ರಾತ್ರಿಯೆಲ್ಲ ಕೂತವರು ಹೇಳುವ ಹಾಗೆ. ನಾನು ಗಾಲಿ ನೋಡಬೇಕಾಗಿತ್ತು, ಗಾಲಿಯನ್ನೇ ನೋಡಿದೆ. ಆ ಸಾಲುಗಳು ಅಷ್ಟೊಂದು ಇವೆ ಎಂದು ನನಗೆ ಅದಕ್ಕೆ ಮೊದಲು ಅನಿಸಿರಲಿಲ್ಲ.

ಕೊನೆಯ ಸಾಲು ದಾಟಿ ಟ್ರೈಲರು ನೇರ ರಸ್ತೆಗೆ ಹೊರಳಿ ನಿಂತ ಮೇಲೆ ಪ್ಲೇಟು, ಚೀಲ, ಹುಲ್ಲು ಎಲ್ಲ ತೆಗೆದೆವು. ಗುಪ್ಪೆ ಇರಲಿಲ್ಲ. ನೆಲ ಸಮವಾಗಿ, ಸಾರಿಸಿದ ಅಂಗಳದ ಹಾಗೆ ನಯವಾಗಿತ್ತು, ಹುಲ್ಲಿನ ಎಳೆಗಳ ಗುರುತು ಅಚ್ಚಾಗಿ ಕೂತಿತ್ತು. ಕೆಲಸದವನೊಬ್ಬ ಸನಿಕೆ ತಂದ.

"ನೀವು ಮುಟ್ಬೇಡಿ" ಎಂದಳು ಮಗಳು. ಒರಟಾಗಿ ಅಲ್ಲ, ದಣಿದು ಹೇಳಿದಳು.

ಅಪ್ಪ ಮಗಳು ಎದುರುಬದುರು ಕೂತು ಬೆರಳಿನಿಂದ ಮಣ್ಣು ಕೆದಕತೊಡಗಿದರು. ಗಟ್ಟಿಯಾಗಿದ್ದ ಹೆಂಟೆಯನ್ನು ಎತ್ತಿ ಅಂಗೈಯಲ್ಲಿ ಪುಡಿ ಮಾಡಿ ಅಲ್ಲೇ ಉದುರಿಸುತ್ತಿದ್ದರು. ನಾನು ಮುಂದೆ ಹೋಗಿ ಜೀಪು ಹತ್ತಬೇಕಾಗಿತ್ತು. ಹೇಳದೆ ಹೋಗುವುದು ಸರಿಯಲ್ಲ ಎಂದು ಹತ್ತಿರ ಹೋದೆ.

"ಬರ್ತೀನಿ ಯಜಮಾನ್ರೇ."

"ಹೂಂ. ಇದೊಂದೇ ತಾನೇ ರೀ?"

ಒಂದೇ ಅಲ್ಲ. ಅಂಥವೇ ಇನ್ನೆರಡು ಶಿಕಾರಿಪುರದ ಹೊರಗೆ ನಿಂತಿದ್ದವು, ಮರುದಿನ ಒಂದು, ಅದರ ಮರುದಿನ ಒಂದು ಎಂದು ಅಪ್ಪಣೆಯಾಗಿತ್ತು. ನಾನು ಅದನ್ನು ಹೇಳಿದೆ.

ಅವರ ಕೈ ನಿಂತಿತು. ಆಮೇಲೆ ಮಗಳಿಗೆ ಹೇಳಿದರು: "ಹಂಗಾದ್ರೆ ಈಗ ಬಿಡವ್ವ. ಸಡ್ಲ ಮಾಡಿದ್ರೆ ನಾಳೆ ಮತ್ತೆ ಒಳಗೆ ಇಳೀತೈತೆ. ಮೂರೂ ಹೋದ ಮೇಲೆ ಮಾಡಿದ್ರಾತು."

ಮಗಳು ನಿಲ್ಲಿಸಲಿಲ್ಲ. "ಒಂದು ರಾತ್ರಿನಾದ್ರೂ ಉಸಿರಾಡ್ಲಿ ಬಿಡು" ಎಂದಳು.

ಅವತ್ತು ಸಂಜೆ ಸೊರಬ ಮುಟ್ಟಿದ ಮೇಲೆ ಆಫೀಸಿನವರಿಗೆ ಫೋನು ಮಾಡಿ ಬೇರೆ ದಾರಿ ಕೇಳಿದೆ. ಕಾಲುವೆಯ ಅಂಚಿಗೆ ಗೋಡೆ ಕಟ್ಟಿಸಲು ವಾರಗಟ್ಟಲೆ ಬೇಕು, ಹೆದ್ದಾರಿ ತೆರೆಯಲು ತಿಂಗಳುಗಟ್ಟಲೆ ಎಂದರು. ಅವರ ದನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ. ಉಸ್ತಾದರು ಊಟ ಬೇಡವೆಂದು ಟ್ರೈಲರಿನಡಿ ಚಾಪೆ ಹಾಕಿ ಮಲಗಿದ್ದರು.

ಎರಡನೆಯ ಟ್ರಾನ್ಸ್‌ಫಾರ್ಮರಿನ ಮುಂದೆಯೂ ನಾನೇ ಹೋದೆ, ಮೂರನೆಯದರ ಮುಂದೆಯೂ. ಎರಡು ಸಲವೂ ಆ ತಿರುವಿನಲ್ಲಿ ಅಪ್ಪ ಮಗಳು ಇರಲಿಲ್ಲ. ಹುಲ್ಲು ಮಾತ್ರ ತಂದು ಒಟ್ಟಿತ್ತು. ಹಾಸುವ ಮೊದಲು ನಾನು ಬಗ್ಗಿ ಮುಟ್ಟಿ ನೋಡಿದೆ. ಎರಡನೆಯ ಸಲ ಮಣ್ಣು ಸಡಿಲವಾಗಿತ್ತು, ಬೆರಳು ಒಳಗೆ ಹೋಯಿತು. ಮೂರನೆಯ ಸಲವೂ ಸಡಿಲವಾಗಿತ್ತು.