ನಾನು ಇಳಿದುಕೊಂಡ ಜಾಗ

ನನ್ನ ಹೆಂಡತಿಯ ತಮ್ಮನನ್ನು ಆ ವ್ಯಾನಿಗೆ ಹತ್ತಿಸಿದವನು ನಾನು. ಕೈ ಹಿಡಿದು ಹತ್ತಿಸಲಿಲ್ಲ — ಆಗ ನಾನಿದ್ದದ್ದು ಗೆಟ್ಟವಾಡಿಯಲ್ಲಿ, ನಮ್ಮ ಅರಿಸಿನದ ಕಣದಲ್ಲಿ. ಅವನಿದ್ದದ್ದು ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೊರಗೆ. ಆದರೂ ಹತ್ತಿಸಿದವನು ನಾನೇ. ಆ ವ್ಯಾನು ಊರೊಳಗಿನ ಆಫೀಸಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದರೊಳಗೆ ಒಮ್ಮೆ ನಾನೂ ಕೂತಿದ್ದೆ.

ಇದನ್ನು ಇಷ್ಟು ಕಾಲ ಯಾರಿಗೂ ಹೇಳಿರಲಿಲ್ಲ. ಹೇಳಲು ಆಗಲಿಲ್ಲ ಎಂದು ಬರೆಯಹೊರಟೆ — ಅದೂ ಸುಳ್ಳು. ಹೇಳಲು ಮನಸ್ಸು ಮಾಡಲಿಲ್ಲ.

ನನ್ನದು ಅರಿಸಿನ ಬೇಯಿಸಿ, ಒಣಗಿಸಿ, ಪುಡಿ ಮಾಡಿ ಮಾರುವ ಕೆಲಸ. ಕೆಲವು ವರ್ಷಗಳ ಹಿಂದೆ ಒಬ್ಬ ಏಜೆಂಟ್ ಫೋನ್ ಮಾಡಿದ. ನಯವಾದ ತಮಿಳು — ನಾವು ಕನ್ನಡದವರಾದರೂ ನಮ್ಮೂರು ತಮಿಳುನಾಡಿಗೆ ಸೇರಿದ್ದು. ಬ್ಯಾಂಕಾಕಿನ ಕಂಪನಿಯೊಂದಕ್ಕೆ ನಮ್ಮ ಕಡೆಯ ಅರಿಸಿನ ಬೇಕಂತೆ, ಒಂದು ಮೀಟಿಂಗಿಗೆ ಬಂದರೆ ಸಾಕಂತೆ, ಟಿಕೆಟ್ಟು ಅವರೇ ಕಳಿಸುತ್ತಾರಂತೆ. ನಮ್ಮ ಕಡೆಯಿಂದ ವ್ಯಾಪಾರಕ್ಕೆಂದು ವಿಮಾನ ಹತ್ತಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ನನ್ನನ್ನು ಬಿಡಲು ಬಂದವನು ನನ್ನ ಬಾಮೈದ ಬಸವರಾಜು. ಪಣಕಹಳ್ಳಿಯವನು. ನನ್ನ ಪೆಟ್ಟಿಗೆಯನ್ನು ನನ್ನ ಕೈಗೇ ಕೊಡದೆ ಬಾಗಿಲವರೆಗೆ ಹೊತ್ತು ತಂದ.

ಅಲ್ಲಿ ಇಳಿದಾಗ ಬಿಳಿ ವ್ಯಾನೊಂದು ಕಾಯುತ್ತಿತ್ತು. ಮುಂದೆ ಇಬ್ಬರು. ಆಫೀಸಿಗೆ ಅರ್ಧ ಗಂಟೆ ಎಂದರು. ಅರ್ಧ ಗಂಟೆ ಕಳೆಯಿತು, ಊರು ಮುಗಿಯಿತು, ಕಬ್ಬಿನ ಗದ್ದೆಗಳು ಬಂದವು. ಹೊತ್ತು ಇಳಿಯುವಾಗ ದೂರದಲ್ಲಿ ಬೆಟ್ಟಗಳು ಕಾಣತೊಡಗಿದವು. ಅರಿಸಿನದ ಮಾದರಿ ಪೊಟ್ಟಣವನ್ನು ಮುಂದಕ್ಕೆ ಚಾಚಿದೆ, ಅವರು ತಿರುಗಿಯೂ ನೋಡಲಿಲ್ಲ. ಅವರಲ್ಲೊಬ್ಬ ತನ್ನ ಫೋನಿಗೆ ಏನೋ ಹೇಳಿದ, ಫೋನು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿತು — ನೀನು ಎಷ್ಟು ವೇಗವಾಗಿ ಟೈಪ್ ಮಾಡುತ್ತೀಯ? ಅರಿಸಿನ ಕೊಳ್ಳುವವರಿಗೆ ನನ್ನ ಟೈಪಿಂಗ್ ಯಾಕೆ? ಆಮೇಲೆ ಪಾಸ್‌ಪೋರ್ಟ್ ಕೇಳಿದರು. ಪೆಟ್ಟಿಗೆಯಲ್ಲಿದೆ ಎಂದೆ. ಅದು ನನ್ನ ಸೊಂಟದ ಚೀಲದಲ್ಲಿತ್ತು.

ಜೀರಹಳ್ಳಿಯ ಕಾಡಂಚಿನಲ್ಲಿ ಬೈಕು ಓಡಿಸಿದವರಿಗೆ ನಾನು ಹೇಳುವುದು ಗೊತ್ತಾದೀತು. ಆನೆ ಕಾಣುವುದಿಲ್ಲ. ಆದರೆ ಹಕ್ಕಿ ಕೂಗುವುದು ನಿಂತಿರುತ್ತದೆ, ಬಿದಿರು ಅಲ್ಲಾಡದೆ ನಿಂತಿರುತ್ತದೆ, ಮೈಮೇಲಿನ ಕೂದಲಿಗೆ ಮೊದಲು ಗೊತ್ತಾಗುತ್ತದೆ. ಹಾಗೇ ಆಯಿತು. ಪೆಟ್ರೋಲ್ ಬಂಕೊಂದರಲ್ಲಿ ವ್ಯಾನು ನಿಲ್ಲಿಸಿದರು. ಹೊಟ್ಟೆ ಹಿಡಿದುಕೊಂಡು ಕಕ್ಕಸಿಗೆ ಹೋದವನು ಹಿಂದಿನ ಗೋಡೆ ದಾಟಿ ರಸ್ತೆಗೆ ಬಿದ್ದೆ. ಬಂದ ದಿಕ್ಕಿಗೇ ಹೋಗುವ ಬಸ್ಸೊಂದು ಸಿಕ್ಕಿತು. ಪೆಟ್ಟಿಗೆ ವ್ಯಾನಿನಲ್ಲೇ ಉಳಿಯಿತು, ನಾನು ಉಳಿದುಕೊಂಡೆ.

ವಾಪಸ್ಸು ಟಿಕೆಟ್ಟಿನ ದಿನ ಬರುವವರೆಗೆ ವಿಮಾನ ನಿಲ್ದಾಣದ ಹತ್ತಿರದ ಸಣ್ಣ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಬಿಸ್ಕತ್ತು ತಿಂದುಕೊಂಡು, ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳವಾದರೆ ಉಸಿರು ಹಿಡಿದುಕೊಂಡು. ಊರಿಗೆ ಹೋದ ಕೂಡಲೇ ಎಲ್ಲ ಹೇಳಿ ಅತ್ತುಬಿಡಬೇಕು ಎಂದುಕೊಂಡಿದ್ದೆ, ದೇವರಾಣೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಜನ ಕಾದಿದ್ದರು. ಮುಂದೆ ನಿಂತಿದ್ದ ಬಸವರಾಜು ಕೇಳಿದ:

"ಬಾವ, ಯಾಪಾರ ಕುದುರ್ತಾ?"

"ಕುದುರ್ತು ಕಣ್ಲಾ" ಎಂದುಬಿಟ್ಟಿತು ನನ್ನ ಬಾಯಿ.

ಅಷ್ಟೇ. ಮುಂದಿನದೆಲ್ಲ ಆ ಒಂದು ಮಾತಿನ ಮೇಲೆ ಕಟ್ಟಿದ್ದು. ಪೆಟ್ಟಿಗೆ ವಿಮಾನದವರು ಕಳೆದರು, ಹೋಟೆಲು ನದಿ ದಂಡೆಯಲ್ಲಿತ್ತು, ಆರ್ಡರು ಆಮೇಲೆ ದರ ಹೊಂದದೆ ತಪ್ಪಿತು — ಒಂದೊಂದಾಗಿ ಸೇರಿಸಿದೆ. ಟೀ ಅಂಗಡಿಯಲ್ಲಿ ನನ್ನನ್ನು ಬ್ಯಾಂಕಾಕ್ ಬಾವ ಎಂದು ಕರೆಯತೊಡಗಿದರು. ನನಗೆ ಅದು ಹಿತವಾಗಿತ್ತು. ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೆ ನಿಜ — ಬಹಳ ಹಿತವಾಗಿತ್ತು.

ಆಮೇಲೆ ಒಂದು ದಿನ ಬಸವರಾಜು ಬೈಕಿನಲ್ಲಿ ನಮ್ಮ ಮನೆಗೆ ಬಂದ. ಅವನು ಚಾಮರಾಜನಗರದಲ್ಲಿ ಬಿ.ಕಾಂ. ಓದಿ, ಊರಲ್ಲೇ ಕೋಸು, ಬೀಟ್‌ರೂಟು ಬೆಳೆದುಕೊಂಡಿದ್ದವನು. ಬೀಟ್‌ರೂಟನ್ನು ಒಣಗಿಸಿ ಪುಡಿ ಮಾಡಿ ಮಾರುವ ಹುಮ್ಮಸ್ಸಿನಲ್ಲಿದ್ದ. ಜಗಲಿಯ ಮೇಲೆ ಕೂತವನ ಮುಖ ಹೊಳೆಯುತ್ತಿತ್ತು.

"ನಂಗೂ ಬ್ಯಾಂಕಾಕಿಂದ ಕರೆ ಬಂದದೆ ಬಾವ! ಮೀಟಿಂಗು. ಏನೇನ್ ತಕ್ಕೋಬೇಕು, ಅಲ್ಲಿ ಯಂಗಿರ್ಬೇಕು, ಎಲ್ಲ ಏಳ್ಕೊಡಿ."

ಹೇಳಿಕೊಟ್ಟೆ. ತೆಳ್ಳನೆ ಹತ್ತಿ ಅಂಗಿ ಇಟ್ಟುಕೋ, ಅಲ್ಲಿ ಮೈ ಬೆವರಿ ನೀರಾಗುತ್ತದೆ. ಸುಲಭವಾಗಿ ಬಿಚ್ಚುವ ಚಪ್ಪಲಿ ಹಾಕಿಕೋ, ಒಳಗೆ ಹೋಗುವ ಮುನ್ನ ಬಿಡಬೇಕಾಗುತ್ತದೆ. ಕಾರ್ಡು ಕೊಡುವಾಗ ಎರಡೂ ಕೈಯಿಂದ ಕೊಡು. ಅವರ ರಾಜನ ಬಗ್ಗೆ ಹಗುರವಾಗಿ ಮಾತಾಡಬೇಡ. ಯಾರ ತಲೆಯನ್ನೂ ಮುಟ್ಟಬೇಡ. ಸಿಮ್ಮು ವಿಮಾನ ನಿಲ್ದಾಣದಲ್ಲೇ ತಗೋ. ಚಟ್ನಿಪುಡಿ ಮರೆಯಬೇಡ, ನಮ್ಮ ನಾಲಗೆಗೆ ಅಲ್ಲಿ ಏನೂ ಹಿಡಿಸುವುದಿಲ್ಲ. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ಇವೆಲ್ಲ ನಾನು ಆ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಹೊತ್ತು ಹೋಗದೆ, ಫೋನಿನಲ್ಲಿ ನೋಡಿ ಕಲಿತದ್ದು.

ನನ್ನ ಹೆಂಡತಿ ಮಹದೇವಿ ಕಾಫಿ ತಂದಿಟ್ಟಳು. ಅವನು ಲೋಟ ಎತ್ತಿಕೊಳ್ಳುತ್ತ ನಕ್ಕ.

"ಒಂದು ತಮಾಸೆ ನೋಡಿ ಬಾವ. ಬೀಟ್‌ರೂಟ್ ಪುಡಿ ಬಗ್ಗೆ ಒಂದು ಮಾತೂ ಕೇಳ್ನಿಲ್ಲ. ಟೈಪಿಂಗು ಎಷ್ಟು ಸ್ಪೀಡು ಅಂತ ಕೇಳುದ್ರು. ಏರ್‌ಪೋರ್ಟಿಗೆ ಬಿಳಿ ವ್ಯಾನು ಕಳುಸ್ತರಂತೆ. ಅದ್ರಲ್ಲಿ ಓಗ್ಬೋದಾ?"

ಹಗಲು ಹೊತ್ತು. ಬಿಸಿಲು ಚೆನ್ನಾಗಿತ್ತು. ಆದರೂ ಹಕ್ಕಿ ಕೂಗದ ಆ ಕಾಡಂಚು ನೆನಪಾಯಿತು. ನಾಲಗೆಯ ತುದಿಯಲ್ಲಿತ್ತು ಮಾತು — ಹತ್ತಬೇಡ ಕಣ್ಲಾ, ನನ್ನನ್ನು ಒಯ್ದವರೂ ಇವರೇ. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ನಿಮಗೆ ಹೇಗೆ ಗೊತ್ತು? ಮಹದೇವಿ ಅಲ್ಲೇ ನಿಂತಿದ್ದಳು. ಗಂಡನ ಬಗ್ಗೆ ಹೆಮ್ಮೆಯಿಂದ ತಮ್ಮನ ಮುಖ ನೋಡುತ್ತಿದ್ದಳು. ಬಹುಶಃ ಇವರು ಬೇರೆಯವರಿರಬಹುದು — ಬಹುಶಃ ನಾನೇ ಸುಮ್ಮನೆ ಹೆದರಿ ಓಡಿಬಂದಿದ್ದೆನೋ — ಎಂದೆಲ್ಲ ಆ ಒಂದು ಗುಟುಕಿನ ಹೊತ್ತಿನಲ್ಲಿ ನನಗೆ ನಾನೇ ಹೇಳಿಕೊಂಡೆ. ನಂಬಿದೆನೇ? ಇಲ್ಲ.

"ನನ್ನೂ ಅಂಗೇ ಕೇಳುದ್ರು. ಅಲ್ಲಿ ಅದು ಮಾಮೂಲು. ಎದ್ರುಕಬ್ಯಾಡ, ಅತ್ಕೊಂಡ್ ಓಗು" ಎಂದೆ.

ಕೆಲವು ದಿನ ಕಳೆದು ಅವನು ಬ್ಯಾಂಕಾಕಿಗೆ ಹೊರಟ. ಮಾರನೆಯ ದಿನ ಕಣದಲ್ಲಿ ಅರಿಸಿನ ಹರವುತ್ತಿದ್ದಾಗ ನನ್ನ ಫೋನಿಗೆ ಮೆಸೇಜು ಬಂತು: "ಬಾವ, ವ್ಯಾನಲ್ಲಿದೀನಿ. ತುಂಬಾ ಹೊತ್ತಾಯ್ತು, ಊರು ದಾಟಿ ಬಂದ್ಬುಟ್ರು. ಇನ್ನೂ ಆಪೀಸು ಬರ್ಲಿಲ್ಲ. ನಿಮ್ಗೂ ಇಂಗೇ ಆಗಿತ್ತಾ?"

ನೋಡಿದೆ. ನೋಡಿದ್ದು ಅವನಿಗೂ ಅಲ್ಲಿ ಗೊತ್ತಾಗಿರಬೇಕು. "ಬಂಕಿನಲ್ಲಿ ನಿಲ್ಸುದ್ರೆ ಇಳ್ದು ಓಡು" ಎಂದು ಬರೆದೆ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತೆ. ಆಮೇಲೆ — ಹೇಗೆ ಹೇಳಲಿ ಇದನ್ನು — ಒಂದೊಂದೇ ಅಕ್ಷರ ಅಳಿಸಿದೆ. "ಇಲ್ಲಿ ಸಿಗ್ನಲ್ ಸರಿಯಿಲ್ಲ, ಆಮೇಲೆ ಮಾತಾಡ್ತೀನಿ" ಎಂದು ಕಳಿಸಿದೆ. ನಮ್ಮ ಗುಡ್ಡದಲ್ಲಿ ಸಿಗ್ನಲ್ಲಿಗೆ ಸದಾ ಪರದಾಟ. ಆ ಹೊತ್ತು ಮಾತ್ರ ಪೂರ್ತಿ ಇತ್ತು.

ಆಮೇಲೆ ಅವನ ಫೋನು ಸತ್ತಿತು.

ಮಹದೇವಿ ಮೊದಮೊದಲು ಕಾದಳು. ಆಮೇಲೆ ಊಟ ಬಿಟ್ಟಳು. ಒಂದು ಬೆಳಿಗ್ಗೆ ನನ್ನ ಫೋನನ್ನು ತಂದು ನನ್ನ ಕೈಗಿಟ್ಟು, "ಅಲ್ಲಿ ನಿಮ್ಗೆ ಬೇಕಾದೋರು ಇದ್ದಾರಲ್ಲ, ನಿಮ್ ಕೂಟೆ ಯಾಪಾರ ಮಾತಾಡ್ದೋರು — ಅವ್ರಿಗೆ ಫೋನ್ ಮಾಡಿ. ನಮ್ ಬಸ್ವನ್ನ ಒಸಿ ಉಡುಕ್ಲಿ" ಎಂದಳು. ಅಂಥವರು ಯಾರೂ ಇರಲಿಲ್ಲ. ನಾನು ಫೋನು ಕಿವಿಗಿಟ್ಟುಕೊಂಡು ಅಂಗಳದ ಕೊನೆಗೆ ಹೋದೆ. ಯಾರೂ ಇಲ್ಲದ ಆ ಫೋನಿಗೆ ಇಂಗ್ಲಿಷಿನಲ್ಲಿ ಮಾತಾಡಿದೆ. ನಡುನಡುವೆ ನಿಲ್ಲಿಸಿದೆ, ಕೇಳಿಸಿಕೊಂಡವನಂತೆ ತಲೆಯಾಡಿಸಿದೆ. ಅವಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ಓದುತ್ತಿದ್ದಳು. ಮಾಡಿದ ತಪ್ಪುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನನಗೆ ಅಂಗಳದ ಆ ಮೂಲೆ ಕಣ್ಣಿಗೆ ಬರುತ್ತದೆ.

ಬಸವರಾಜು ಮರುವರ್ಷ ಬಂದ. ಸರ್ಕಾರದವರು ಬಿಡಿಸಿ ವಿಮಾನದಲ್ಲಿ ಕರೆತಂದ ಗುಂಪಿನಲ್ಲಿದ್ದ. ಅವನನ್ನು ಹೊಳೆ ದಾಟಿಸಿ ಪಕ್ಕದ ದೇಶಕ್ಕೆ ಒಯ್ದಿದ್ದರಂತೆ. ಮುಳ್ಳುತಂತಿಯ ಎತ್ತರದ ಗೋಡೆಯೊಳಗೆ ಕಂಪ್ಯೂಟರ್ ಮುಂದೆ ಕೂರಿಸಿ, ಹೆಣ್ಣಿನ ಹೆಸರಿಟ್ಟುಕೊಂಡು ನಮ್ಮ ಕಡೆಯ ಒಂಟಿ ಗಂಡಸರ ಸ್ನೇಹ ಮಾಡಿ ಅವರನ್ನು ದೋಚುವ ಕೆಲಸ. ಒಲ್ಲೆ ಎಂದದ್ದಕ್ಕೆ ಎಡಗೈಯನ್ನು ಬಾಗಿಲ ಸಂದಿಗೆ ಇಡಿಸಿ ಜಜ್ಜಿದ್ದರು. ಎರಡು ಬೆರಳು ಈಗಲೂ ಮಡಚುವುದಿಲ್ಲ. ಜನರೇಟರಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಾನೆ. ಫೋನು ಮುಟ್ಟುವುದಿಲ್ಲ.

ಬಂದ ವಾರದಲ್ಲಿ ನನ್ನ ಪಕ್ಕ ಕೂತು ಹೇಳಿದ, "ನಿಮ್ಗೆ ಸಿಕ್ಕಿದ್ದೋರು ಒಳ್ಳೆ ಜನ ಬಾವ. ನನ್ ಅಣೆಬರಾನೇ ಸರಿಯಿಲ್ಲ."

ಆಗಲೂ ನಾನು ಸುಮ್ಮನಿದ್ದೆ.

ಬಸವರಾಜು ಪೊಲೀಸಿಗೆ ದೂರು ಕೊಟ್ಟಿದ್ದ. ಆದರೆ ಏಜೆಂಟು — ನನಗೆ ಫೋನ್ ಮಾಡಿದ್ದವನೇ — "ಅವನು ಇಷ್ಟಪಟ್ಟೇ ಹೋದ, ನಾನು ಟಿಕೆಟ್ಟು ಮಾಡಿಕೊಟ್ಟವನು ಅಷ್ಟೇ" ಎಂದ. ಇನ್ನೊಬ್ಬ ಸಾಕ್ಷಿ ಇರಲಿಲ್ಲ. ಕೇಸು ಹಾಗೇ ಕೂತಿತು. ಆ ಇನ್ನೊಬ್ಬ ಸಾಕ್ಷಿ ಗೆಟ್ಟವಾಡಿಯಲ್ಲಿ ಅರಿಸಿನ ಪುಡಿ ಮಾಡಿಸುತ್ತ ಕೂತಿದ್ದ.

ಹೀಗೇ ಮುಗಿದುಹೋಗುತ್ತಿತ್ತೇನೋ. ಇತ್ತೀಚೆಗೆ ಜೀರಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ಅವಳ ಗಂಡ ಜೇನು, ಸೀಗೆಕಾಯಿ ವ್ಯಾಪಾರ ಮಾಡುವವನು. ಅವನಿಗೂ ಬ್ಯಾಂಕಾಕಿಗೆ ಮೀಟಿಂಗಿಗೆ ಕರೆ ಬಂದಿದೆಯಂತೆ.

"ನಿಮ್ ಬಾಮೈದ ಓಗಿ ಸಿಕ್ಕಾಕೊಂಡಂಗೆ ಆಗ್ಬಾರ್ದು ಅಣ್ಣ. ನೀವ್ ಓಗಿದ್ದ ಕಡೆ ಆದ್ರೆ ಕಳುಸ್ತೀನಿ. ನೀವ್ ಒಂದ್ ಮಾತು ಏಳ್ಬುಡಿ, ಸಾಕು" ಎಂದಳು.

ನನ್ನ ಒಂದು ಮಾತು ಸಾಕಂತೆ. ಬಸವರಾಜುವೂ ಹೀಗೇ ನಂಬಿ ಕೇಳಿದ್ದ.

"ಕಳುಸ್ಬ್ಯಾಡ ಕಣವ್ವ. ಅವ್ರು ನನ್ನೂ ಅದೇ ವ್ಯಾನಲ್ಲೇ ಎತ್ಕೊಂಡೋಗಿದ್ರು. ನಾನು ನಡುದಾರೀಲಿ ಇಳ್ದು ಓಡ್ಬಂದೋನು. ಮೀಟಿಂಗೂ ಇಲ್ಲ, ಏನೂ ಇಲ್ಲ."

ಅವಳು ಕೈ ಮುಗಿದು ಹೋದಳು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಮಹದೇವಿ ಬಾಗಿಲಿಗೆ ಬಂದು ನಿಂತಳು. ಕೂಗಾಡಲಿಲ್ಲ.

"ಇದ್ನ ಬಸ್ವುಂಗ್ ಯಾಕ್ ಏಳ್ನಿಲ್ಲ ನೀವು?"

ಬೈಕಿನ ಕೀಲಿ ತಂದು ನನ್ನ ಮುಂದಿಟ್ಟಳು. "ನಾನ್ ಏಳಾಕಿಲ್ಲ ಅವುನ್ಗೆ. ನೀವೇ ಓಗಿ ಏಳಿ" ಎಂದು ಒಳಗೆ ಹೋದಳು.

ಪಣಕಹಳ್ಳಿಗೆ ಹೋದೆ. ಅವನು ಹೊಲದಲ್ಲಿ ಕೋಸಿನ ಸಾಲಿನ ನಡುವೆ ಕಳೆ ತೆಗೆಯುತ್ತಿದ್ದ, ಬಲಗೈಯಲ್ಲಿ. ಬದುವಿನ ಮೇಲೆ ನಿಂತೇ ಎಲ್ಲ ಹೇಳಿದೆ — ವ್ಯಾನು, ಗೋಡೆ, ಬಸ್ಸು, ರೂಮು, ಅವನ ಮೆಸೇಜು ಬಂದಾಗ ನಾನು ಬರೆದು ಅಳಿಸಿದ್ದು. ಒಂದನ್ನೂ ಬಿಡಲಿಲ್ಲ. ಅವನು ತಲೆ ಎತ್ತದೆ ಕೇಳಿದ. ಆ ಸಾಲು ಮುಗಿಸಿ, "ಆ ಬಂಕಿನ ಪಕ್ಕ ಒಂದು ದೊಡ್ ಮರ ಇತ್ತಾ? ಬುಡುಕ್ಕೆ ಬಣ್ಣ ಬಣ್ಣದ ಬಟ್ಟೆ ಸುತ್ತಿದ್ರಾ?" ಎಂದು ಕೇಳಿದ.

ಇತ್ತು. ಓಡುವಾಗ ನಾನು ಹಿಡಿದುಕೊಂಡದ್ದು ಅದೇ ಮರವನ್ನು.

"ನಮ್ದೂ ಅಲ್ಲೇ ನಿಲ್ಸುದ್ರು ಬಾವ. ಕೆಳುಕ್ ಇಳುದ್ರೂ ಯಾರೂ ಏನೂ ಅನ್ನಿಲ್ಲ. ಆಮೇಕೆ ಮಾತಾಡ್ತೀನಿ ಅಂದಿದ್ರಲ್ಲ, ನಾನು ಟೀ ಕುಡ್ಕೊಂಡು, ನಿಮ್ ಮೆಸೇಜು ಬತ್ತದಾ ಅಂತ ನೋಡ್ತಾ ನಿಂತಿದ್ದೆ. ಆಮೇಕೆ ನಾನೇ ಅತ್ಕೊಂಡೆ."

ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಅದನ್ನು ಕೇಳಿದರೆ ಅವನು ಏನಾದರೂ ಕೊಡಬೇಕಾಗುತ್ತದೆ. ಅವನಿಂದ ತೆಗೆದುಕೊಂಡದ್ದು ಸಾಕು.

"ಟೇಶನ್ನಲ್ಲಿ ಏಳ್ತೀರಾ ಇದ್ನ?"

"ಏಳ್ತೀನಿ."

"ಏಳಿ. ಆಮೇಕೆ ನಮ್ ಮನೆ ಕಡೀಕೆ ಬರ್ಬ್ಯಾಡಿ. ಅಕ್ಕ ಬರ್ಲಿ."

ದಿಂಬಂ ಘಾಟಿ ಇಳಿದು ಹೋಗಿ ಪೊಲೀಸರ ಮುಂದೆ ತಮಿಳಿನಲ್ಲಿ ಎಲ್ಲ ಹೇಳಿ ಸಹಿ ಮಾಡಿ ಬಂದೆ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಅಲ್ಲಿನ ಅಧಿಕಾರಿ ಕೇಳಿದರು. ಊರಿನಲ್ಲಿ ಮರ್ಯಾದೆ ಹೋಗುತ್ತದೆ ಎಂದು, ಎಂದೆ. ಅವರು ಅದನ್ನೂ ಬರೆದುಕೊಂಡರು. ಏಜೆಂಟನನ್ನು ಮತ್ತೆ ಕರೆಸಿದ್ದಾರೆ. ಕೋರ್ಟಿಗೆ ಕರೆದರೆ ಅಲ್ಲೂ ಹೋಗಿ ನಿಲ್ಲುತ್ತೇನೆ. ಟೀ ಅಂಗಡಿಯಲ್ಲಿ ಈಗ ನನ್ನನ್ನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ನಾನು ಹೋದರೆ ಮಾತು ನಿಲ್ಲುತ್ತದೆ.

ಮಹದೇವಿ ನನ್ನ ಜೊತೆಗೇ ಇದ್ದಾಳೆ, ಅನ್ನ ಬಡಿಸುತ್ತಾಳೆ. ಸೋಮವಾರ ಸೋಮವಾರ ತಮ್ಮನನ್ನು ನೋಡಲು ಪಣಕಹಳ್ಳಿಗೆ ಹೋಗುತ್ತಾಳೆ. ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟು ಬರುತ್ತೇನೆ. ಸಂಜೆ ವಾಪಸ್ಸು ಬಂದವಳನ್ನು ಅವನು ಹೇಗಿದ್ದಾನೆ ಎಂದು ನಾನು ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ.