ಜಾಫರಸಾಬರ ಇಪ್ಪತ್ತೇಳು ಬಾಟಲಿ ಧೂಳು

ಬೇಡಕಿಹಾಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಂಬಾಕಿನ ವಖಾರಿಯ ಮುಂದೆ ಅರವತ್ತೊಂದರ ಜಾಫರಸಾಬರು ಕುಕ್ಕರುಗಾಲಲ್ಲಿ ಕೂತು, ಗಡ್ಡ ಬೋಳಿಸುವ ಹಳೆಯ ಬ್ರಷ್ಷಿನಿಂದ ಹೊಸ್ತಿಲು ಗುಡಿಸುತ್ತಿದ್ದಾರೆ. ಗುಡಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಉಪ್ಪಿನಕಾಯಿ ಬಾಟಲಿಗೆ ಹೋಗುತ್ತದೆ. ವಖಾರಿಯ ಕಾವಲುಗಾರ ಜ್ಞಾನದೇವ ಈಗ ಏನೂ ಕೇಳುವುದಿಲ್ಲ. ಮೊದಲ ಸಲ ಕಂಡಾಗ ಮಾತ್ರ ಕೇಳಿದ್ದ: "ಚಾಚಾ, ತಂಬಾಕ ಬೇಕಂದ್ರ ಎಲಿ ಒಯ್ರಿ. ಧೂಳ ಯಾಕ?"

"ಎಲಿ ಒಯ್ದ ಏನ್ ಮಾಡ್ಲೆಪಾ? ನನ್ನ ಲಾರಿ ಇನ್ನೂ ಭಾಳ ಹೊಸಾದ ಕಾಣಾಕತ್ತೈತಿ," ಎಂದಿದ್ದರಂತೆ ಇವರು.

ಆ ಲಾರಿ ಒಂದು ಗೇಣಿಗಿಂತ ತುಸು ಉದ್ದ. ಮದುವೆ ಕಾರ್ಡಿನ ರಟ್ಟು, ಹರಿದ ಚಪ್ಪಲಿಯ ಅಟ್ಟೆ, ಮುರಿದ ಪ್ಲಾಸ್ಟಿಕ್ ಪೈಪು ಸೇರಿಸಿ ಜಾಫರಸಾಬರು ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಪುಟ್ಟ ಮಾದರಿ ಕಟ್ಟುತ್ತಾರೆ. ಕಟ್ಟುವುದು ಹದಿನೈದು ದಿನದ ಕೆಲಸ. ಆಮೇಲೆ ಅದಕ್ಕೆ ವಯಸ್ಸು ತರುವುದಿದೆಯಲ್ಲ, ಅದಕ್ಕೆ ಎರಡು ತಿಂಗಳೂ ಸಾಲದು. ಬಿಸಿಲಿಗೆ ಬಣ್ಣ ಮಾಸಿರಬೇಕು, ಮಡ್‌ಗಾರ್ಡಿಗೆ ಕೆಸರು ಹತ್ತಿರಬೇಕು, ಬಾಗಿಲ ಸಂದಿಯಲ್ಲಿ ತುಕ್ಕು ಇಣುಕಬೇಕು. ಅಂಗಡಿಯಲ್ಲಿ ಸಿಗುವ ವಿದೇಶಿ ಪುಡಿ, ಬಣ್ಣಗಳ ಹೆಸರೆತ್ತಿದರೆ ಅವರು ಮೂಗು ಮುರಿಯುತ್ತಾರೆ.

ವಖಾರಿಯಿಂದ ಸೈಕಲ್ಲು ಚಹಾದಂಗಡಿಗೆ ಹೊರಳುತ್ತದೆ. ಅಲ್ಲಿ ಸೋಸಿ ಎಸೆದ ಚಹಾಪುಡಿ ಕಾದಿರುತ್ತದೆ. ಒಣಗಿಸಿ ಅರೆದರೆ ಒಣಮಣ್ಣಿನ ಬಣ್ಣ. ಲೇತ್ ಮಷಿನ್ನಿನ ಅಡಿಯ ಕಬ್ಬಿಣದ ಹುಡಿಗೆ ಉಪ್ಪು, ಲಿಂಬೆರಸ ಹಾಕಿಟ್ಟರೆ ವಾರದಲ್ಲಿ ತುಕ್ಕು ತಯಾರು. ಇಟ್ಟಿಗೆ ಭಟ್ಟಿಯ ಕೆಂಪು, ಸಕ್ಕರೆ ಕಾರ್ಖಾನೆ ಬಾಯ್ಲರಿನ ಬೂದಿ, ಹೊಲಗಳ ಎರೆಮಣ್ಣು. ಮನೆಯ ಗೂಡಿನಲ್ಲಿ ಇಂಥ ಇಪ್ಪತ್ತೇಳು ಬಾಟಲಿಗಳಿವೆ. ಹೆಂಡತಿ ಶಹಜಾದಬಿಯವರ ಕಾಡಿಗೆ ಡಬ್ಬಿಯೂ ಮುಖದ ಪೌಡರೂ ಎಷ್ಟೋ ಸಲ ಆ ಗೂಡಿನಲ್ಲೇ ಪತ್ತೆಯಾಗಿವೆ. "ಮಂದಿ ಮನ್ಯಾಗಿನ ಧೂಳ ಹೊರಗ ಹಾಕ್ತಾರ್ರಿ, ನಮ್ಮವರು ಹೊರಗಿಂದು ಒಳಗ ತರ್ತಾರ," ಎಂದು ಆಕೆ ನಗುತ್ತಾರೆ.

ಇದೇ ಮನುಷ್ಯ ಇಪ್ಪತ್ತೆಂಟು ವರ್ಷ ನಿಪ್ಪಾಣಿಯ ಗ್ಯಾರೇಜಿನಲ್ಲಿ ತುಕ್ಕು ಕೆರೆದು ಲಾರಿಗಳಿಗೆ ಹೊಸ ಬಣ್ಣ ಹೊಡೆದವರು. ಬಣ್ಣದ ಹೊಗೆ ಎದೆಗೆ ಇಳಿಯಿತು. ಸ್ಪ್ರೇ ಗನ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಕೂತರು. ಕೂತ ಕೈ ಸುಮ್ಮನಿರಲಿಲ್ಲ. ಹನ್ನೊಂದು ವರ್ಷಗಳಲ್ಲಿ ನಲವತ್ತನಾಲ್ಕು ವಾಹನಗಳು ಆ ಕೈಯಲ್ಲಿ ಹುಟ್ಟಿ, ಅಲ್ಲೇ ಮುದಿಯಾಗಿವೆ.

ಇಷ್ಟು ಹೇಳಿ ಮುಗಿಸಿದರೆ ಜಾಫರಸಾಬರ ಅರ್ಧ ಕತೆ ಹೇಳಿದಂತೆ. ಉಳಿದರ್ಧದ ಹೆಸರು ಭರಮು.

ಭರಮು ಕೃಷ್ಣೆಯ ದಂಡೆಯ ಜುಗೂಳದವರು, ಊರಿಗೆ ನಳದ ನೀರು ಬಿಡುವ ವಾಟರ್‌ಮನ್. ಅವರೂ ಇಂಥವೇ ಮಾದರಿ ಮಾಡುತ್ತಾರೆ, ಅವರ ತುಕ್ಕು ಇವರ ತುಕ್ಕಿಗಿಂತ ಚೆನ್ನಾಗಿರುತ್ತದೆ. ಇದನ್ನು ಬೇರೆ ಯಾರೂ ಹೇಳಬೇಕಿಲ್ಲ. ಜಾಫರಸಾಬರೇ ಹೇಳುತ್ತಾರೆ, ಹೇಳುವಾಗ ಮುಖ ಗಂಟಿಕ್ಕುತ್ತದೆ. "ಹೊಟ್ಟಿಕಿಚ್ಚ ಐತ್ರಿ. ಯಾಕ ಸುಳ್ಳ ಹೇಳ್ಲಿ? ಅಂವನ ತುಕ್ಕ ನೋಡಿದ ದಿನ ನನಗ ರೊಟ್ಟಿ ಇಳಿಯೂದಿಲ್ಲ."

ಒಮ್ಮೆ ಅಭಿಮಾನ ಬದಿಗಿಟ್ಟು ಕೇಳಿಯೂ ಬಿಟ್ಟರು, ತುಕ್ಕಿಗೆ ಏನು ಹಾಕುತ್ತೀ ಎಂದು. ಹಳೆಯ ನೀರಿನ ಪೈಪು ಒಡೆದಾಗ ಒಳಗೆ ಸಿಗುವ ಪುಡಿ, ಅಷ್ಟೇ ಎಂದರು ಭರಮು. ಜಾಫರಸಾಬರು ನಂಬಲಿಲ್ಲ. ಇಷ್ಟು ಸಲೀಸಾಗಿ ಹೇಳಿದ ಮೇಲೆ ಅದು ನಿಜವಾಗಿರಲು ಹೇಗೆ ಸಾಧ್ಯ? ಮುಖ್ಯವಾದದ್ದೇನೋ ಮುಚ್ಚಿಟ್ಟಿದ್ದಾನೆ ಎಂದು ದಾರಿಯುದ್ದಕ್ಕೂ ಗೊಣಗುತ್ತ ಬಂದರು.

ಆಮೇಲೆ ಆದದ್ದು ಕಾಕಂಬಿಯ ಫಜೀತಿ. ನಿಪ್ಪಾಣಿಯಲ್ಲಿ ನಡೆದ ಹವ್ಯಾಸಿಗಳ ಪ್ರದರ್ಶನಕ್ಕೆ ಭರಮು, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಸಿಹಿ ಜಿಗುಟು ಪಾಕ ಕಾಕಂಬಿಯನ್ನು ಸಾಗಿಸುವ ಟ್ಯಾಂಕರಿನ ಪುಟ್ಟ ಮಾದರಿ ತಂದಿದ್ದರು. ಅದರ ಹಿಂಬದಿಯಲ್ಲಿ ಸೋರಿ ಗಟ್ಟಿಯಾದ ಜಿಗುಟು, ಜಿಗುಟಿಗೆ ಹತ್ತಿದ ಧೂಳು ಎಲ್ಲವೂ ಥೇಟ್. ಜನ ಅಲ್ಲಿಂದ ಕದಲಲಿಲ್ಲ. ಇದು ಖಂಡಿತ ನಿಜವಾದ ಕಾಕಂಬಿಯೇ ಎಂದು ಜಾಫರಸಾಬರು ತೀರ್ಮಾನಿಸಿದರು. ಮರುವರ್ಷ ಕಾರ್ಖಾನೆಯಿಂದ ಒಂದು ಲೋಟ ಕಾಕಂಬಿ ತಂದು, ತಮ್ಮ ಕಬ್ಬಿನ ಲಾರಿಗೆ ಧಾರಾಳವಾಗಿ ಬಳಿದು, ಮೇಲೆ ತಂಬಾಕಿನ ಧೂಳು ಉದುರಿಸಿ ಎದೆಯುಬ್ಬಿಸಿ ಪ್ರದರ್ಶನಕ್ಕೆ ಒಯ್ದರು. ಮೊದಲ ದಿನ ಹೊಗಳಿಕೆಯ ಸುರಿಮಳೆ. ಎರಡನೆಯ ದಿನ ಬೆಳಿಗ್ಗೆ ಮೇಜಿನ ಕಾಲಿನಿಂದ ಲಾರಿಯವರೆಗೆ ಇರುವೆಗಳ ಸಾಲು! ಮಧ್ಯಾಹ್ನದ ಹೊತ್ತಿಗೆ ಲಾರಿ ಮತ್ತೆ ಹೊಸದಾಗಿತ್ತು. ಭರಮು ಬಳಸಿದ್ದು ಬಿಳಿ ಅಂಟಿಗೆ ಬೆರೆಸಿದ ಚಹಾ ಡಿಕಾಕ್ಷನ್ ಎಂದು ಆಮೇಲೆ ತಿಳಿಯಿತು. ಅಂದಿನಿಂದ ಬೇಡಕಿಹಾಳದ ಕಟ್ಟೆಯಲ್ಲಿ ಯಾರಾದರೂ "ಚಾಚಾ, ಇರಬಿ ಆರಾಮ ಅದಾವ?" ಎಂದು ಕೇಳದ ದಿನವಿಲ್ಲ.

ಈ ಅವಮಾನ ತೊಳೆಯುವ ಅವಕಾಶ ಕೊಕಟನೂರಿನಿಂದ ಬಂತು. ಅಲ್ಲಿನ ಭಾವುಸಾಹೇಬರು ಮೂವತ್ತು ವರ್ಷ ಅಥಣಿಯ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. "ನನ್ನ ಬಸ್ಸ ಕಡೇ ದಿನ ಹೆಂಗಿತ್ತ, ಹಂಗ ಬೇಕ್ರಿ. ಹೊಸಾದು ಬ್ಯಾಡ," ಎಂದು ಇಬ್ಬರಿಗೂ ಹೇಳಿ ಕಳಿಸಿದರು. ಯಾವ ಬಸ್ಸು ತಮ್ಮದು ಎನ್ನಿಸುತ್ತದೋ ಅದಕ್ಕೆ ಪಡಸಾಲೆಯ ಶೋಕೇಸಿನಲ್ಲಿ ಜಾಗ. ಜಾಫರಸಾಬರಿಗೆ ಆ ಶೋಕೇಸು ಬಿಟ್ಟರೆ ಬೇರೆ ಲೋಕವೇ ಇಲ್ಲದಂತಾಯಿತು.

ನಾಲ್ಕು ತಿಂಗಳು ಹಿಡಿಯಿತು. ತುಕ್ಕಿನಲ್ಲಿ ಭರಮುವನ್ನು ಮೀರಿಸಲಾಗದು ಎಂಬುದು ಗೊತ್ತಿತ್ತು, ಹಾಗಾಗಿ ಬೇರೆ ಏನಾದರೂ ಬೇಕಿತ್ತು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಹನ್ನೆರಡು ದಿನ ಕೂತು ಬಸ್ಸುಗಳ ಬಲಮಗ್ಗುಲನ್ನೇ ನೋಡಿದರು. ಡ್ರೈವರ್ ಮೊಣಕೈ ಊರುವ ಕಿಟಕಿಯ ಅಂಚಿನಲ್ಲಿ ಬಣ್ಣ ಸವೆದಿರುತ್ತದೆ. ತಮ್ಮ ಬಸ್ಸಿನಲ್ಲಿ ಆ ಅಂಚನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಸವೆಸಿದರು. ಅದರ ಕೆಳಗೆ ಎಲೆಯಡಿಕೆ ಉಗುಳಿದ ಕಲೆ. ಪಾನಿನಂಗಡಿಯ ಕಾಚಿಗೆ ಸುಣ್ಣ ಕಲಸಿ ಹನಿ ಬಿಟ್ಟು, ಎಳನೀರು ಕುಡಿಯುವ ಕೊಳವೆಯಿಂದ ಊದಿದರು. "ಕೆಳಗ ಇಳಿಬಾರ್ದ್ರಿ ಕಲಿ. ಗಾಡಿ ಓಡಾಕತ್ತಿರತೈತಿ, ಉಗುಳ ಹಿಂದಕ್ಕ ಹಾರತೈತಿ," ಎನ್ನುತ್ತಾರೆ. ಆ ಒಂದು ಕಲೆಗಾಗಿ ಒಂಬತ್ತು ರಟ್ಟು ಹಾಳಾಗಿವೆ.

ಕಳೆದ ತಿಂಗಳ ಒಂದು ಭಾನುವಾರ ಎರಡೂ ಬಸ್ಸುಗಳು ಕೊಕಟನೂರಿನ ಪಡಸಾಲೆಯ ಮಂಚದ ಮೇಲೆ ಅಕ್ಕಪಕ್ಕ ನಿಂತವು. ಭರಮು ಅವರ ಬಸ್ಸಿನ ಬಾಗಿಲ ಪಾವಟಿಗೆಯ ಅಡಿ ತುಕ್ಕು ಪದರು ಪದರಾಗಿ ಎದ್ದಿತ್ತು. ಅದನ್ನು ನೋಡಿದ್ದೇ ಜಾಫರಸಾಬರು ತಮ್ಮ ಬಸ್ಸಿನ ಬಲಮಗ್ಗುಲನ್ನು ಮುಂದಕ್ಕೆ ತಿರುಗಿಸಿಟ್ಟರು. ಭಾವುಸಾಹೇಬರು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡುತ್ತ ಕೂತರು.

ಅಷ್ಟರಲ್ಲಿ ಅವರ ಹೆಂಡತಿ ತಾರವ್ವ ಚಹಾ, ನೀರು ತಂದರು. ಜಾಫರಸಾಬರ ಬಸ್ಸಿನ ಮೇಲೆ ಅವರ ಕಣ್ಣು ಬಿತ್ತು. ತಟ್ಟೆ ಕೆಳಗಿಟ್ಟವರೇ ಸೆರಗಿನ ತುದಿಯನ್ನು ನೀರಿಗೆ ಅದ್ದಿ ಡ್ರೈವರ್ ಕಿಟಕಿಯ ಕೆಳಗೆ ತಿಕ್ಕತೊಡಗಿದರು. "ಅಯ್ಯ, ಇದರ ಮ್ಯಾಲೂ ಉಗುಳಿರೇನ?" ಎಂದು ಗಂಡನಿಗೆ ಗದರಿದರು. ಕಲೆ ಬಣ್ಣ ಬಿಟ್ಟು ಹರಡಿದಾಗಲೇ ಇದು ಬೇಕೆಂದೇ ಮಾಡಿದ ಕಲೆ ಎಂದು ಅವರಿಗೆ ಹೊಳೆದದ್ದು. ಹೊಳೆದ ಮೇಲೂ ಸಿಟ್ಟು ಇಳಿಯಲಿಲ್ಲ. "ಮೂವತ್ತ ವರ್ಷ ಇವರ ಅಂಗಿ ತೋಳ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ. ಇನ್ನ ಶೋಕೇಸಿನ್ಯಾಗೂ ಅದ ಕಲಿ ನೋಡ್ಲೇನ? ಈ ಬಸ್ಸ ನನ್ನ ಮನ್ಯಾಗ ಬ್ಯಾಡ."

ಶೋಕೇಸಿನ ಕೀಲಿ ತಾರವ್ವನ ಸೊಂಟದಲ್ಲಿತ್ತು. ಭಾವುಸಾಹೇಬರು ತಲೆ ತಗ್ಗಿಸಿ ನಕ್ಕರು. ಭರಮು ಅವರ ಬಸ್ಸು ಗಾಜಿನೊಳಗೆ ಹೋಯಿತು.

ಜಾಫರಸಾಬರು ಚಪ್ಪಲಿ ಮೆಟ್ಟುವಾಗ ಭರಮು ಹಿಂದೆಯೇ ಬಂದರು. ಗೆದ್ದವರ ಮುಖ ಅದಾಗಿರಲಿಲ್ಲ. "ಜಾಫರಭಾಯಿ, ಖರೇ ಹೇಳ. ಆ ಕಲಿಗೆ ಏನ್ ಹಾಕಿ?"

"ಕಾಚು, ಸುಣ್ಣ. ಮತ್ತೇನಿಲ್ಲ."

"ಏ, ಏನೋ ಮುಚ್ಚಿಡಾಕತ್ತಿ," ಎಂದು ಭರಮು ಮುಖ ತಿರುವಿ ಬೈಕು ಹತ್ತಿದರು.

ಸೋತು ಬಂದ ಬಸ್ಸು ಈಗ ಇಪ್ಪತ್ತೇಳು ಬಾಟಲಿಗಳ ಪಕ್ಕದಲ್ಲಿ ನಿಂತಿದೆ. ಕಿಟಕಿಯ ಕೆಳಗೆ ತಾರವ್ವನ ಸೆರಗು ಎಳೆದ ಗುರುತು ಹಾಗೆಯೇ ಇದೆ. ಹತ್ತು ನಿಮಿಷದಲ್ಲಿ ಸರಿ ಮಾಡಬಹುದಲ್ಲ ಎಂದರೆ, ತಂಬಾಕಿನ ಧೂಳು ಜರಡಿ ಹಿಡಿಯುತ್ತಿದ್ದ ಜಾಫರಸಾಬರು ಕೈ ನಿಲ್ಲಿಸುತ್ತಾರೆ.

"ಮುಟ್ಟಬ್ಯಾಡ್ರಿ, ಅದು ಹಂಗ ಇರಲಿ. ನನ್ನ ಬಸ್ಸ ಒರಸಾಕ ಒಬ್ಬ ಹೆಣ್ಮಗಳ ಎದ್ದ ಬಂದಾಳ. ಭರಮುನ ತುಕ್ಕ ಇವತ್ತಿನ ತನಕ ಯಾರರೆ ಒರಸ್ಯಾರೇನ್ರಿ?"