ಮೀಟಿಂಗಿನಲ್ಲಿ ಕಂಡ ಮಗ್ಗ

ಜಡ್ಜ್ ಸಾಹೇಬರು ಕೋಟಿಲ್ಲದೆ, ಬರೀ ಅಂಗಿಯಲ್ಲಿ ಮೊಬೈಲಿನೊಳಗೆ ಕಾಣಿಸಿಕೊಳ್ಳುವುದು ಮೊದಮೊದಲು ನನಗೆ ಸರಿಬರಲಿಲ್ಲ. ಜಮಖಂಡಿ ಕೋರ್ಟಿನಲ್ಲಿ ಗಂಟಲು ಹರಿಯುವಂತೆ ವಾದಿಸಿ ಕೂದಲು ಬೆಳ್ಳಗಾದ ವಕೀಲ ನಾನು. ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ; ಇವೆರಡರ ನಡುವೆಯೇ ನಮ್ಮ ಹೊಟ್ಟೆ ತುಂಬುವುದು. ಈಗ ವಿಚಾರಣೆಗೆ ಮೊದಲೇ ಎರಡೂ ಕಡೆಯವರು ವಿಡಿಯೋದಲ್ಲಿ ಕೂತು, ಯಾವ ಮಾತಿಗೆ ಜಗಳವಿದೆ, ಯಾವುದಕ್ಕಿಲ್ಲ ಎಂದು ಬೇರ್ಪಡಿಸಬೇಕಂತೆ. ‘ಇದೇನು ಕೋರ್ಟೋ, ಬೀಗರ ಮಾತುಕತೆಯೋ’ ಎಂದು ಕುಹಕವಾಡಿದ್ದೆ.

ಅದು ಬನಹಟ್ಟಿಯ ಮನೆಯೊಂದರ ಪಾಲಿನ ದಾವೆ. ನನ್ನ ಕಕ್ಷಿದಾರಳು ಗಂಡನನ್ನು ಕಳೆದುಕೊಂಡ ನೇಕಾರಳು. ಎದುರಾಳಿ ಅವಳ ಗಂಡನ ಅಣ್ಣ, ಅವನೂ ನೇಕಾರ. ಮನೆಯ ಮುಂದಿನ ಭಾಗದಲ್ಲಿ ಅವನು, ಹಿಂದಿನ ಭಾಗದಲ್ಲಿ ಇವಳು. ಮಾತು ನಿಂತು ಎರಡು ವರ್ಷ. ಹಿಂದಿನ ಕೋಣೆಯಲ್ಲಿ ಕೈಮಗ್ಗವಿತ್ತು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವಂಥದು, ಎತ್ತಿ ಬೇರೆಡೆ ಇಡಲು ಬರುವುದಿಲ್ಲ. ಮಗ್ಗ ನಿಂತು ಎಷ್ಟೋ ಕಾಲವಾಯಿತು, ಕೋಣೆ ಖಾಲಿ ಬಿದ್ದಿದೆ, ದಾವೆ ಮುಗಿಯುವವರೆಗೆ ತನಗೆ ಕೊಡಿಸಿ ಎಂದು ಅವನ ಅರ್ಜಿ. ಕೋಣೆ ಹೋದರೆ ಅವಳ ಕಸುಬೇ ಹೋಗುತ್ತಿತ್ತು. ಮಗ್ಗ ನಡೆಯುತ್ತಿದೆ ಎಂದು ಸಾಬೀತು ಮಾಡಲು ನಾನು ಓಣಿಯ ಒಂಬತ್ತು ಸಾಕ್ಷಿಗಳ ಪಟ್ಟಿ ಹಿಡಿದು ಕೂತಿದ್ದೆ.

ಮೀಟಿಂಗ್ ಶುರುವಾದಾಗ ಪಟ್ಟಿ ಓದತೊಡಗಿದೆ. ಸಾಹೇಬರು ತಡೆದರು.

‘ಸ್ವಲ್ಪ ಇರಿ ವಕೀಲರೇ. ಇಲ್ಲಿ ಆಡಿದ ಮಾತನ್ನು ಸಾಕ್ಷಿ ಅಂತ ಬರೆದುಕೊಳ್ಳೋದಿಲ್ಲ. ಅಮ್ಮಾ, ನೀವು ಎಲ್ಲಿ ಕೂತಿದ್ದೀರಿ?’

‘ಮಗ್ಗದಾಗ ಕುಂತೇನ್ರೀ ಸಾಹೇಬ್ರ’ ಎಂದು ಅವಳು ಮೊಬೈಲ್ ತಿರುಗಿಸಿದಳು. ಅರ್ಧ ನೇಯ್ದ ಸೀರೆ ಕಂಡಿತು. ಅದೆಲ್ಲ ನಾಟಕ ಎಂದು ಎದುರಾಳಿಯ ವಕೀಲರು ಬಾಯಿ ತೆರೆಯುವಷ್ಟರಲ್ಲಿ ಅವಳ ಭಾವನೇ ಮೊಬೈಲಿಗೆ ಮುಖ ಹತ್ತಿರ ತಂದ.

‘ಯವ್ವಾ, ಅಂಚಿನ ಕಡಿ ಎಳಿ ಹರದೈತಿ ನೋಡು. ಹಂಗ ಬಿಟ್ಟು ನೇಯಬ್ಯಾಡ, ಸೀರಿ ಕೆಡತೈತಿ.’

ಹರಿದ ಎಳೆ ಕಂಡ ನೇಕಾರ ಸುಮ್ಮನಿರಲಾರ, ಅದು ದಾವೆಯ ಸೀರೆಯಾದರೂ ಸರಿಯೇ. ಅವನ ವಕೀಲರು ಹಣೆ ಹಿಡಿದುಕೊಂಡರು. ‘ಮಗ್ಗ ನಡೆದಿದೆ ಅಂತ ಒಪ್ಪಿಕೊಂಡರು ಸ್ವಾಮಿ, ಒಪ್ಪಿಕೊಂಡರು!’ ಎಂದು ನಾನು ಕೂಗಿಯೇಬಿಟ್ಟೆ. ಸಾಹೇಬರು ನನ್ನ ಮೈಕ್ ಬಂದ್ ಮಾಡಿದರು.

ಅವಳು ಯಾರನ್ನೂ ಕೇಳದೆ ಮೊಬೈಲನ್ನು ಮಗ್ಗದ ಕಡೆ ಮುಖಮಾಡಿ ಪಕ್ಕಕ್ಕಿಟ್ಟು ಎಳೆ ಕೂಡಿಸಿ ಗಂಟು ಹಾಕಿದಳು. ನಾವೆಲ್ಲ ಅವಳ ಬೆರಳು ನೋಡುತ್ತ ಕಾದೆವು.

‘ಎಷ್ಟು ಚುರುಕಾಗಿ ಹಾಕಿದಿರಿ’ ಎಂದರು ಸಾಹೇಬರು.

‘ನಮ್ಮ ಭಾವಾರ ಕಲಿಸ್ಯಾರ್ರಿ. ಲಗ್ನ ಆಗಿ ಬಂದಾಗ ನನಗ ಏನೂ ಬರ್ತಿದ್ದಿಲ್ಲ.’

ಅವನು ಮೊಬೈಲ್ ಕೆಳಗಿಟ್ಟಿದ್ದ; ಅದರಲ್ಲಿ ಈಗ ಬರೀ ಮಾಳಿಗೆಯ ತೊಲೆ ಕಾಣುತ್ತಿತ್ತು. ಅವನ ದನಿ ಮಾತ್ರ ಬಂತು.

‘ಮಗ್ಗಾ ನಡದೈತ್ರಿ ಸಾಹೇಬ್ರ. ದಿನಾ ಗ್ವಾಡಿ ಆಚಿಂದ ಸಪ್ಪಳ ಕೇಳತೇನಿ. ಅಲ್ಲೇ ಇರ್ಲಿ.’

ಅಲ್ಲಿಗೆ ಅವನ ಅರ್ಜಿ ಮುಗಿಯಿತು. ಪಾಲಿನ ದಾವೆ ಇನ್ನೂ ನಡೆದಿದೆ, ನಾನು ಇನ್ನೂ ವಾದಿಸುತ್ತಿದ್ದೇನೆ. ಆದರೆ ಅವತ್ತು ಅವಳು ಗೋಡೆಯ ಕಡೆ ತಿರುಗಿ, ‘ಭಾವಾರ, ಅಂಚು ನೆಟ್ಟಗ ಬರವಲ್ತು. ಒಮ್ಮಿ ಬಂದು ನೋಡ್ರಿ’ ಎಂದಳು. ಆ ಮಾತು ಅವಳ ಮೊಬೈಲಿನಲ್ಲೂ ಗೋಡೆಯಾಚೆ ಅವನ ಮೊಬೈಲಿನಲ್ಲೂ ಕೇಳಿತು. ಸ್ವಲ್ಪ ಹೊತ್ತಿಗೆ ಮಗ್ಗದ ಸೀರೆಯ ಅಂಚಿನ ಮೇಲೆ ಇನ್ನೊಬ್ಬರ ಕೈ ಕಂಡಿತು. ನನಗೆ ಕಣ್ಣು ತುಂಬಿ ಬಂತು. ಮೀಟಿಂಗ್ ಮುಗಿಯಿತು ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ.